ಗಡಿಯಾರಕ್ಕೆ ಕಟ್ಟಿದ ಕೆಲಸವನ್ನು ಕಣ್ಣೆದುರಿನ ಗುರುತಿಗೆ ಕಟ್ಟುವುದು

ಆಟಿಸಂ ಇರುವ ವಯಸ್ಕರ ಮನೆಯವರು ನನ್ನ ಹತ್ತಿರ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಹತ್ತು ವರ್ಷದ ಹಿಂದಿನದು ಚಾಚೂತಪ್ಪದೆ ಹೇಳ್ತಾನೆ, ಸಂಜೆ ಮಾತ್ರೆ ಮಾತ್ರ ಮರೀತಾನೆ." ಇದರಲ್ಲಿ ಸೋಮಾರಿತನವೂ ಇಲ್ಲ, ಉಡಾಫೆಯೂ ಇಲ್ಲ. ಆದದ್ದನ್ನು ನೆನೆಯುವುದು ಬೇರೆ, ಮಾಡಬೇಕಾದದ್ದು ಸರಿಯಾದ ಹೊತ್ತಿಗೆ ನೆನಪಾಗುವುದು ಬೇರೆ. ಮಾಡಬೇಕಾದದ್ದರಲ್ಲೂ ಎರಡು ಬಗೆ ಇದೆ ಎಂದು ಮನೋವಿಜ್ಞಾನಿಗಳಾದ ಐನ್‌ಸ್ಟೈನ್ ಮತ್ತು ಮ್ಯಾಕ್‌ಡೇನಿಯಲ್ 1990ರಲ್ಲಿ ಬಿಡಿಸಿ ತೋರಿಸಿದರು. ಮೆಡಿಕಲ್ ಶಾಪ್ ಕಂಡಾಗ ಔಷಧ ಕೊಳ್ಳುವುದು ಒಂದು, ರಾತ್ರಿ 8ಕ್ಕೆ ಮಾತ್ರೆ ನುಂಗುವುದು ಇನ್ನೊಂದು. ಆಟಿಸಂನಲ್ಲಿ ಹೆಚ್ಚಾಗಿ ಕೈಕೊಡುವುದು ಈ ಎರಡನೆಯದು. ಅಲ್ಲಿ ಹೊರಗಿನಿಂದ ಯಾವ ಸೂಚನೆಯೂ ಇರುವುದಿಲ್ಲ, ಕೈಯಲ್ಲಿರುವ ಕೆಲಸದಿಂದ ಮನಸ್ಸು ಕಿತ್ತು ತಾನೇ ಗಡಿಯಾರ ನೋಡಬೇಕು.

ಹಾಗಾಗಿ ಜ್ಞಾಪಕಶಕ್ತಿ ಬೆಳೆಸುವ ಅಭ್ಯಾಸಗಳಿಗೆ ನಾನು ಕೈ ಹಾಕುವುದಿಲ್ಲ. ಒಂದು ವಾರದ ಕೆಲಸಗಳನ್ನು ಆಟಿಸಂ ಇರುವವರ ಜೊತೆಗೇ ಕೂತು ಬರೆದುಕೊಂಡು, ಎಲ್ಲೆಲ್ಲಿ ಇಷ್ಟೇ ಗಂಟೆಗೆ ಎನ್ನುವುದು ಬೇಡವೋ ಅಲ್ಲಿ ಆ ಗಂಟೆಯನ್ನು ಹೊಡೆದುಹಾಕುತ್ತೇನೆ. ಮಾತ್ರೆ ಎಷ್ಟು ಹೊತ್ತು ಹಿಂದೆಮುಂದೆ ಆದರೆ ಪರವಾಗಿಲ್ಲ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ಸಡಿಲಿಕೆ ಇದೆ ಎಂದರೆ ಅದನ್ನು ದಿನಾ ತಪ್ಪದೆ ನಡೆಯುವ ಒಂದು ಕ್ರಿಯೆಗೆ ಕಟ್ಟುತ್ತೇನೆ.

ಕಟ್ಟುವ ವಾಕ್ಯದಲ್ಲೇ ಅರ್ಧ ಕೆಲಸವಿದೆ. ಮನೋವಿಜ್ಞಾನಿ ಗೋಲ್‌ವಿಟ್ಸರ್ ಹೇಳಿದ "ಹೀಗಾದಾಗ ಹೀಗೆ ಮಾಡುತ್ತೇನೆ" ಎನ್ನುವ ಮಾದರಿ ಇದು. "ಊಟ ಆದಮೇಲೆ" ಎಂದರೆ ನಡೆಯುವುದಿಲ್ಲ, ಊಟ ಯಾವಾಗ ಮುಗಿಯಿತು ಎನ್ನುವುದೇ ಸ್ಪಷ್ಟವಿಲ್ಲ. "ತಟ್ಟೆ ಸಿಂಕಿಗೆ ಇಟ್ಟ ಕೂಡಲೇ ಪಕ್ಕದ ನೀಲಿ ಡಬ್ಬಿ ತೆರೆಯುತ್ತೇನೆ" ಎಂದರೆ ಕೈಗೆ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ ಎಂದರೆ ಕೆಲವರಿಗೆ ಆಗುವುದಿಲ್ಲ. ಅದೇ ಸಿಂಕಿನ ಮುಂದೆ ನಿಜವಾದ ತಟ್ಟೆ ಹಿಡಿದು ಮೂರು ಸಲ ಮಾಡಿಸುವುದು ಮೇಲು.

ಗಂಟೆ ಬಿಡಲಾಗದ ಕೆಲಸಗಳೂ ಇವೆ. ಹಾಲಿಗೆ ಹೆಪ್ಪು ಹಾಕುವುದನ್ನೇ ನೋಡಿ. ಒಲೆ ಆರಿಸಿ, ಹಾಲು ಉಗುರುಬೆಚ್ಚಗಾಗುವ ತನಕ ಕಾಯಬೇಕು, ಅಷ್ಟರಲ್ಲಿ ಮನಸ್ಸು ಕಂಪ್ಯೂಟರಿನಲ್ಲಿ ಇಳಿದಿರುತ್ತದೆ. ಜೇಬಿನ ಫೋನಿನಲ್ಲಿ ಟೈಮರ್ ಇಟ್ಟರೆ ಬೆರಳು ಅದನ್ನು ಆರಿಸಿ ವಾಪಸ್ಸು ಹೋಗುತ್ತದೆ. ಅಡುಗೆಮನೆಯ ಟೈಮರನ್ನು 40 ನಿಮಿಷಕ್ಕೆ ತಿರುಗಿಸಿ ಹಾಲಿನ ಪಾತ್ರೆಯ ಪಕ್ಕ, ಹೆಪ್ಪಿನ ಬಟ್ಟಲಿಗೆ ತಾಗಿಸಿ ಇಡಬೇಕು. ನಿಲ್ಲಿಸಲು ಎದ್ದು ಹೋದವರು ಹಾಲಿನ ಮುಂದೆಯೇ ನಿಂತಿರುತ್ತಾರೆ. ಹಾಲು ಇನ್ನೂ ಬಿಸಿಯಿದ್ದರೆ ಅಲ್ಲೇ ಮತ್ತೆ 10 ನಿಮಿಷಕ್ಕೆ ತಿರುಗಿಸುವುದು.

ಅಲಾರಂ ಬಡಿದೂ ಕೆಲಸ ಆಗಲಿಲ್ಲ ಎಂದರೆ ಮರೆವು ಅನ್ನಬೇಡಿ. ನೆನಪು ಬಂದಿದೆ, ಮಾಡುತ್ತಿರುವುದನ್ನು ಬಿಟ್ಟು ಏಳಲು ಆಗಿಲ್ಲ. ಅದಕ್ಕೆ ಎರಡು ಅಲಾರಂ ಬೇಕು. ಹತ್ತು ನಿಮಿಷ ಮೊದಲಿನದು "ಎಲ್ಲಿ ನಿಲ್ಲಿಸಿದೆ ಅಂತ ಬರೆದಿಡು" ಎನ್ನಲಿ, ಎರಡನೆಯದು "ಎದ್ದು ನಿಲ್ಲು, ಬಾಗಿಲ ಹತ್ತಿರದ ಬಿಲ್ ತಗೋ" ಎನ್ನಲಿ. ಬರೀ "ಕರೆಂಟ್ ಬಿಲ್" ಎಂದು ಬರೆದರೆ ಯಾವ ಕಾಲು ಮುಂದಿಡಬೇಕು ಎನ್ನುವುದು ತಿಳಿಯುವುದಿಲ್ಲ. ಅಲಾರಂಗೆ ಯಾವ ಸದ್ದು ಬೇಕೆಂದು ಅವರೇ ಆಯ್ದುಕೊಳ್ಳಲಿ. ಕರ್ಕಶವಾದರೆ ಸದ್ದು ಆರಿಸುವುದೇ ಗುರಿಯಾಗಿ ಕೆಲಸ ಹಿಂದೆ ಬೀಳುತ್ತದೆ, ಅಂಥವರಿಗೆ ಮಣಿಕಟ್ಟಿನಲ್ಲಿ ನಡುಗುವ ವಾಚು ಒಳ್ಳೆಯದು. ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಅಲಾರಂ ಇಟ್ಟರೆ ಯಾವುದಕ್ಕೂ ಬೆಲೆ ಉಳಿಯುವುದಿಲ್ಲ.

ಫ್ರಿಜ್ಜಿನ ಮೇಲಿನ ಚೀಟಿ ಕೆಲವೇ ದಿನಕ್ಕೆ ಗೋಡೆಯಾಗಿಬಿಡುತ್ತದೆ, ಕಣ್ಣಿಗೇ ಬೀಳುವುದಿಲ್ಲ. ಚಿಲಕಕ್ಕೋ ಗಾಡಿ ಕೀಗೋ ಅಂಟಿಸಿ, ಕೆಲಸವಾದ ಮೇಲೆ ಕಿತ್ತುಬಿಡಿ.

ಮಾಡಿದೆನೋ ಇಲ್ಲವೋ ಎನ್ನುವ ಅನುಮಾನ ಇನ್ನೂ ಅಪಾಯದ್ದು, ಒಂದೇ ಮಾತ್ರೆ ಎರಡು ಸಲ ಹೊಟ್ಟೆಗೆ ಹೋಗಬಹುದು. ಏಳು ಖಾನೆಯ ಡಬ್ಬಿಯಲ್ಲಿ ಇವತ್ತಿನ ಖಾನೆ ಖಾಲಿ ಇದೆಯೇ ಎಂದು ನೋಡಿದರೆ ಮುಗಿಯಿತು.

"ತಗೊಂಡ್ಯಾ?" ಎಂದು ಅಮ್ಮ ದಿನಾ ಕೇಳಿದರೆ ಅಮ್ಮನೇ ಗುರುತಾಗುತ್ತಾರೆ, ಅವರು ಊರಿಗೆ ಹೋದ ದಿನ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಕೇಳುವ ಬದಲು ಡಬ್ಬಿಯ ಕಡೆ ಕೈ ತೋರಿಸಿ, ಆಮೇಲೆ ಅದನ್ನೂ ಬಿಡಿ. ಒರೆಸುವಾಗ ಡಬ್ಬಿಯ ಜಾಗ ಮಾತ್ರ ಬದಲಿಸಬೇಡಿ. ಹಬ್ಬದ ದಿನ ಎಲೆ ಊಟ, ಸಿಂಕಿಗೆ ತಟ್ಟೆಯೇ ಬರುವುದಿಲ್ಲ. ಆ ದಿನಕ್ಕೆ, ಪ್ರಯಾಣಕ್ಕೆ, ನೆಂಟರು ಬಂದಾಗಕ್ಕೆ ಬೇರೆ ಬೇರೆ ವಾಕ್ಯ ಬರೆದು ಮೊದಲೇ ಅಭ್ಯಾಸ ಮಾಡಿಸಬೇಕು. ಪ್ರಯಾಣಕ್ಕೆ ನಾನು ಬರೆಸುವುದು: "ಹಲ್ಲುಜ್ಜಿ ಬ್ರಷ್ ಚೀಲಕ್ಕೆ ಹಾಕುವಾಗ ಅದೇ ಚೀಲದ ಮಾತ್ರೆ ತೆಗೆಯುತ್ತೇನೆ."