ಸಾಲು ಮುರಿಯದೆ ಬರೆದ ಪದ್ಯ: ಸಾಹಿತ್ಯ ಪ್ರಕಾರಗಳನ್ನು ಕಲಿಸಿದ ನನ್ನ ಅನುಭವ

ಪದವಿಪೂರ್ವ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಾಹಿತ್ಯ ಪ್ರಕಾರಗಳನ್ನು ಪರಿಚಯಿಸುವಾಗ ನಾನು ಲಕ್ಷಣಗಳಿಂದ ಆರಂಭಿಸುವುದಿಲ್ಲ. ಚಂಪೂ ಎಂದರೆ ಗದ್ಯಪದ್ಯಗಳ ಮಿಶ್ರಣ, ಷಟ್ಪದಿಗೆ ಆರು ಸಾಲು, ತ್ರಿಪದಿಗೆ ಮೂರು ಸಾಲು ಎಂಬುದು ಪ್ರೌಢಶಾಲೆಯಿಂದ ಬಂದ ಹೆಚ್ಚಿನ ಮಕ್ಕಳಿಗೆ ಬಾಯಿಪಾಠವಾಗಿಯೇ ಇರುತ್ತದೆ. ಆದರೆ ಹಿಂದೆಂದೂ ಕಾಣದ ಒಂದು ಪುಟವನ್ನು ಮುಂದಿಟ್ಟರೆ ಅವರು ನೋಡುವುದು ಸಾಲಿನ ಉದ್ದವನ್ನು ಮಾತ್ರ: ಸಾಲು ಗಿಡ್ಡವಾಗಿದ್ದರೆ ಕವನ, ಅಂಚಿನಿಂದ ಅಂಚಿಗೆ ಹಬ್ಬಿದ್ದರೆ ಗದ್ಯ. ಕಣ್ಣು ಕೊಡುವ ಈ ತೀರ್ಪನ್ನು ಕಿವಿಯಿಂದ ಪರೀಕ್ಷಿಸುವ ಅಭ್ಯಾಸವನ್ನು ಮೊದಲು ಮಾಡಿಸುತ್ತೇನೆ.

ಇದಕ್ಕೆ ತಾಳೆಗರಿಯ ಕ್ರಮ ಬಹಳ ಉಪಯುಕ್ತವಾಗಿದೆ. ಲಿಪಿಕಾರರು ಪದ್ಯವನ್ನಾಗಲಿ ವಚನವನ್ನಾಗಲಿ ಇಂದಿನ ಪುಸ್ತಕಗಳಂತೆ ಸಾಲು ಮುರಿದು ಬರೆಯುತ್ತಿರಲಿಲ್ಲ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳು ಒಂದೇ ಸಮನೆ ಸಾಗುತ್ತಿದ್ದವು. ಹಾಗಾಗಿ ಷಟ್ಪದಿಯಲ್ಲಿರುವ ಕುಮಾರವ್ಯಾಸ ಭಾರತದ ಮೊದಲ ಪದ್ಯವನ್ನೂ ‘ಕಳಬೇಡ ಕೊಲಬೇಡ’ ಎಂಬ ಬಸವಣ್ಣನವರ ವಚನವನ್ನೂ ಕರಿಹಲಗೆಯ ಮೇಲೆ ಹಾಗೆಯೇ ಬರೆದು, ಸಾಲು ಎಲ್ಲೆಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯಲು ವಿದ್ಯಾರ್ಥಿಗಳನ್ನು ಕರೆಯುತ್ತೇನೆ. ವಚನಕ್ಕೆ ಗೆರೆ ಎಳೆಯುವುದು ಅವರಿಗೆ ಕಷ್ಟವಾಗುವುದಿಲ್ಲ, ಏಕೆಂದರೆ ಅಲ್ಲಿ ಮಾತು ಮುಗಿದಲ್ಲಿ ಉಸಿರೂ ನಿಲ್ಲುತ್ತದೆ. ಷಟ್ಪದಿಯಲ್ಲಿ ಅದೇ ಉಪಾಯ ಕೈಕೊಡುತ್ತದೆ. ‘ಶ್ರೀವನಿತೆಯರಸನೆ ವಿಮಲ ರಾಜೀವ ಪೀಠನ ಪಿತನೆ ಜಗಕತಿ ಪಾವನನೆ’ ಎಂಬಲ್ಲಿ ಅರ್ಥವನ್ನು ನಂಬಿದವರು ‘ಅರಸನೆ’ ಎಂಬುದು ಮುಗಿದಲ್ಲಿ ಗೆರೆ ಎಳೆಯುತ್ತಾರೆ. ಆಗ ನಾನು ಪದ್ಯವನ್ನು ಗಟ್ಟಿಯಾಗಿ, ಮೂರು ಮಾತ್ರೆ ನಾಲ್ಕು ಮಾತ್ರೆಗಳ ನಡಿಗೆಯಲ್ಲಿ (ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲವೇ ಒಂದು ಮಾತ್ರೆ), ಮೇಜಿನ ಮೇಲೆ ಬೆರಳು ತಟ್ಟುತ್ತ ಓದುತ್ತೇನೆ: ಶ್ರೀವ, ನಿತೆಯರ, ಸನೆವಿ, ಮಲರಾ. ಹದಿನಾಲ್ಕು ಮಾತ್ರೆ ತುಂಬಿ ಸಾಲು ಅಲ್ಲಿಗೆ ಮುಗಿಯಿತು. ‘ರಾಜೀವ’ ಎಂಬ ಪದ ನಡುವೆಯೇ ಒಡೆದು, ‘ಜೀವ’ದಿಂದ ಎರಡನೆಯ ಸಾಲು ಹುಟ್ಟಿತು. ಶ್ರೀವ, ಜೀವ, ಪಾವ ಎಂದು ಎರಡನೆಯ ಅಕ್ಷರದಲ್ಲಿ ವಕಾರ ಮರಳಿ ಮರಳಿ ಬರುವುದು ಆಗ ಯಾರಾದರೊಬ್ಬರ ಕಿವಿಗೆ ಬೀಳುತ್ತದೆ, ಅಲ್ಲಿಂದ ಮುಂದೆ ಇಡೀ ತರಗತಿ ಉಳಿದ ಸಾಲುಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಮೂರನೆಯ ಮತ್ತು ಆರನೆಯ ಸಾಲುಗಳು ಇಪ್ಪತ್ತಮೂರು ಮಾತ್ರೆಗಳಷ್ಟು ನೀಳವಾಗಿ, ಕೊನೆಯ ಗುರುವಿನಲ್ಲಿ, ಅಂದರೆ ಎರಡು ಮಾತ್ರೆಯ ಅಕ್ಷರದಲ್ಲಿ, ನಿಲ್ಲುವುದನ್ನು ನಾನು ಹೇಳಬೇಕಾಗಿಯೇ ಬರುವುದಿಲ್ಲ. ಆದಿಪ್ರಾಸವೆಂಬುದು ಅಲಂಕಾರಕ್ಕಾಗಿ ಅಂಟಿಸಿದ್ದಲ್ಲ, ಅದು ಸಾಲಿನ ಆರಂಭವನ್ನು ಕೇಳುಗನಿಗೆ ತಿಳಿಸುವ ಗುರುತು ಎಂಬುದನ್ನು ವಿವರಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಸಿಕ್ಕಿಲ್ಲ.

ಕಿವಿ ಹೀಗೆ ಹದಗೊಂಡ ಮೇಲೆ ಒಂದೇ ಪ್ರಸಂಗವನ್ನು ಹಲವು ಪ್ರಕಾರಗಳಲ್ಲಿ ಓದಿಸುತ್ತೇನೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನ ಪ್ರಸಂಗವನ್ನು ಆರಿಸಿಕೊಳ್ಳಲು ಕಾರಣವಿದೆ. 10ನೆಯ ಶತಮಾನದ ಕೊನೆಯ ಭಾಗದ ರನ್ನ ಅದನ್ನು ಚಂಪೂವಿನಲ್ಲಿ ಬರೆದ, ಕುಮಾರವ್ಯಾಸನ ಭಾರತ ಮುಗಿಯುವುದೂ ಗದಾಪರ್ವದಲ್ಲಿಯೇ, 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನೇ ಆಧರಿಸಿ ‘ಗದಾಯುದ್ಧ ನಾಟಕಂ’ ರೂಪಿಸಿದರು. ಯಕ್ಷಗಾನದ ಪ್ರಸಂಗವಂತೂ ಇದ್ದೇ ಇದೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಮುಂದೇನಾಯಿತು ಎಂಬ ಕುತೂಹಲ ಅಡ್ಡ ಬರುವುದಿಲ್ಲ, ಗಮನವೆಲ್ಲ ಹೇಳುವ ಬಗೆಯ ಮೇಲೆ ನಿಲ್ಲುತ್ತದೆ.

ಭೀಮನ ಗರ್ಜನೆ ನೀರಿನೊಳಗಿನ ದುರ್ಯೋಧನನಿಗೆ ಕೇಳಿಸುವ ರನ್ನನ ಕಂದಪದ್ಯದ ಮೇಲೆ ನಾವು ಹೆಚ್ಚು ಹೊತ್ತು ಕಳೆಯುತ್ತೇವೆ. ಆ ರವ ಎಂಥದ್ದೆಂದು ಒಂದರ ಮೇಲೊಂದು ವಿಶೇಷಣ ಪೇರಿಸುತ್ತ ಹೋಗಿ, ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಎಂದು ಪದ್ಯ ತಟ್ಟನೆ ಮುಗಿಯುತ್ತದೆ. ನೀರಿನೊಳಗೆ ಇದ್ದೂ ಬೆವರಿದವನು ಯಾರೆಂಬುದು ತಿಳಿಯುವುದು ಕಟ್ಟಕಡೆಯ ಪದದಲ್ಲಿ: ಉರಗಪತಾಕ, ಅಂದರೆ ಹಾವಿನ ಧ್ವಜದ ದುರ್ಯೋಧನ. ಕಂದದಂಥ ಪುಟ್ಟ ಪದ್ಯ ಇಂತಹ ಒಂದು ಕ್ಷಣವನ್ನು ಹಿಡಿಯಲು ಹೇಳಿ ಮಾಡಿಸಿದ್ದು. ಯಾರು ಎಲ್ಲಿಗೆ ಹೋದರು, ಏನನ್ನು ಕಂಡರು ಎಂಬ ನಿರೂಪಣೆಯ ಭಾರವನ್ನು ಹೆಚ್ಚಾಗಿ ನಡುನಡುವಿನ ಗದ್ಯ ಹೊರುತ್ತದೆ. ಚಂಪೂವಿನಲ್ಲಿ ಗದ್ಯವೂ ಪದ್ಯವೂ ಏಕಿವೆ ಎಂಬ ಪ್ರಶ್ನೆಗೆ ‘ಮಿಶ್ರಣ’ ಎಂಬ ಉತ್ತರ ಸಾಲದೆಂದು ಮಕ್ಕಳಿಗೆ ಇಲ್ಲಿ ಅರಿವಾಗುತ್ತದೆ. ಷಟ್ಪದಿಯಲ್ಲಿ ಈ ಕೆಲಸದ ಹಂಚಿಕೆ ಇಲ್ಲ. ನಿರೂಪಣೆ, ವರ್ಣನೆ, ಮೂದಲಿಕೆ ಎಲ್ಲವೂ ಒಂದೇ ನಡಿಗೆಯಲ್ಲಿ ಸಾಗಬೇಕು, ಕಾವ್ಯವನ್ನು ರಾಗವಾಗಿ ವಾಚಿಸುವ ಗಮಕಿಯ ದನಿಗೆ ಒಗ್ಗಿ ನಡೆಯಬೇಕು.

ನಾಟಕಕ್ಕೆ ಬಂದಾಗ ನಾನು ಕೇಳುವುದು ಒಂದೇ ಪ್ರಶ್ನೆ: ನೀರಿನೊಳಗಿನ ಬೆವರನ್ನು ರಂಗದ ಮೇಲೆ ತೋರಿಸುವುದು ಹೇಗೆ? ಕವಿ ಕೊಳದೊಳಗೆ ಇಳಿಯಬಲ್ಲ, ಪ್ರೇಕ್ಷಕ ದಡದಲ್ಲಿಯೇ ಕುಳಿತಿರುತ್ತಾನೆ. ಹೊರಗೆ ಕಾಣದ್ದೆಲ್ಲ ಮಾತಾಗಬೇಕು, ಇಲ್ಲವೇ ಆಂಗಿಕವಾಗಬೇಕು. ನಾಟಕವೆಂದರೆ ಸಂಭಾಷಣೆಯ ರೂಪದ ಬರವಣಿಗೆ ಎಂಬ ಗೈಡಿನ ಸಾಲು ಈ ಚರ್ಚೆಯ ಬಳಿಕ ಅವರಿಗೇ ಸಪ್ಪೆಯೆನಿಸುತ್ತದೆ. ಯಕ್ಷಗಾನ ಇನ್ನೊಂದು ತೊಡಕನ್ನು ತರುತ್ತದೆ. ಅಚ್ಚಾದ ಪ್ರಸಂಗದಲ್ಲಿ ಇರುವುದು ಭಾಗವತರು ಹಾಡುವ ಪದ್ಯಗಳು. ಅರ್ಥಗಾರಿಕೆಯನ್ನು, ಅಂದರೆ ಆ ಪದ್ಯಗಳನ್ನು ಆಧರಿಸಿದ ಮಾತುಗಳನ್ನು, ಕಲಾವಿದರು ಆಯಾ ರಾತ್ರಿ ಅಲ್ಲಿಯೇ ಕಟ್ಟುತ್ತಾರೆ. ನಮ್ಮ ಕಡೆ ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಕೇಳಿ ಬೆಳೆದ ಮಕ್ಕಳು ಇರುವುದರಿಂದ, ಪ್ರಕಾರವೊಂದು ಪೂರ್ತಿಯಾಗಿ ಕಾಗದದ ಮೇಲೆ ಇರಬೇಕಾಗಿಲ್ಲ ಎಂಬುದನ್ನು ಅವರೇ ಉಳಿದವರಿಗೆ ತಿಳಿಸುತ್ತಾರೆ.

ಪ್ರಕಾರಗಳ ಇತಿಹಾಸವನ್ನು ಬೇಗ ಮುಗಿಸುತ್ತೇನೆ. 9ನೆಯ ಶತಮಾನದ ಕವಿರಾಜಮಾರ್ಗ ಬೆದಂಡೆ, ಚತ್ತಾಣ ಎಂಬ ಪ್ರಕಾರಗಳನ್ನು ಹೆಸರಿಸುತ್ತದೆ, ಅವು ಬಳಕೆಯಿಂದ ಮರೆಯಾದವು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ, ಕನ್ನಡಕ್ಕೆ ಸಾಮಾಜಿಕ ಕಾದಂಬರಿ ಅಷ್ಟು ಹೊಸತು. ಇಷ್ಟನ್ನು ತಿಳಿದರೆ ಪ್ರಕಾರಗಳ ಪಟ್ಟಿ ಶಾಶ್ವತವಲ್ಲ ಎಂಬುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಆಧುನಿಕ ಪ್ರಕಾರಗಳಿಗೆ ಬಂದಾಗ ಓದಿಸುವುದಕ್ಕಿಂತ ಬರೆಸುವುದೇ ಮೇಲು. ಬೆಳಗಿನ ಬಸ್ಸು ತಪ್ಪಿಹೋದದ್ದನ್ನು ಸಣ್ಣಕಥೆಯಾಗಿ, ಲಲಿತ ಪ್ರಬಂಧವಾಗಿ, ಏಕಾಂಕದ ಒಂದು ದೃಶ್ಯವಾಗಿ ಬರೆದು ತರಲು ಹೇಳುತ್ತೇನೆ. ಹೆಚ್ಚಿನವರು ಎಡವುವುದು ಕಥೆ ಮತ್ತು ಪ್ರಬಂಧಗಳ ಗಡಿಯಲ್ಲಿ, ಏಕೆಂದರೆ ಎರಡರಲ್ಲಿಯೂ ‘ನಾನು’ ಇರುತ್ತಾನೆ. ಒಬ್ಬ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಬಸ್ಸು ಮೊದಲ ಪರಿಚ್ಛೇದದಲ್ಲೇ ಮರೆಯಾಗಿ, ನಿಲ್ದಾಣದ ಕಲ್ಲುಬೆಂಚಿನಲ್ಲಿ ಹೆಸರು ಕೆತ್ತುವವರ ಬಗ್ಗೆಯೇ ಎರಡು ಪುಟ ಇದ್ದವು. ಅದೇ ಹುಡುಗಿಯ ಕಥೆಯಲ್ಲಿ ಬಸ್ಸು ತಪ್ಪಿದ್ದರಿಂದ ಅಕ್ಕನ ಮನೆಯ ಜಗಳವೊಂದು ಕಿವಿಗೆ ಬಿದ್ದು, ಓದು ಬಿಡುವ ಯೋಚನೆಯವರೆಗೆ ಸಂಗತಿ ಬೆಳೆದಿತ್ತು. ಎರಡನ್ನೂ ಗಟ್ಟಿಯಾಗಿ ಓದಿಸಿದೆ. ಪ್ರಬಂಧದಲ್ಲಿ ಮನಸ್ಸು ಅಲೆಯಬಹುದು, ಕಥೆಯಲ್ಲಿ ಯಾರದೋ ಸ್ಥಿತಿ ಬದಲಾಗಲೇಬೇಕು ಎಂಬ ಮಾತು ಹಿಂದಿನ ಬೆಂಚಿನಿಂದ ಬಂತು, ಅದನ್ನೇ ಹಲಗೆಯ ಮೇಲೆ ಬರೆಸಿದೆ. ದೃಶ್ಯ ಬರೆದವರಲ್ಲಿ ಹಲವರು ನಿಲ್ದಾಣದಲ್ಲಿ ಕಾಯುವ ಎರಡನೆಯ ವ್ಯಕ್ತಿಯೊಬ್ಬನನ್ನು ಸೃಷ್ಟಿಸಿಕೊಂಡಿದ್ದರು, ಒಬ್ಬನೇ ನಿಂತರೆ ಮಾತು ಹುಟ್ಟದು ಎಂಬ ಕಾರಣಕ್ಕೆ.

ಆಂತರಿಕ ಪರೀಕ್ಷೆಯಲ್ಲಿ ಲಕ್ಷಣ ಬರೆಯಿರಿ ಎಂಬ ಪ್ರಶ್ನೆಯನ್ನು ನಾನು ಕೈಬಿಟ್ಟಿದ್ದೇನೆ. ಸಾಲುಗಳ ವಿಂಗಡಣೆ, ಶೀರ್ಷಿಕೆ, ಕರ್ತೃವಿನ ಹೆಸರು ಎಲ್ಲವನ್ನೂ ತೆಗೆದ ಒಂದು ಭಾಗವನ್ನು ಕೊಟ್ಟು, ಅದು ಯಾವ ಪ್ರಕಾರವೆಂದು ಹೇಳಿ ಪಠ್ಯದೊಳಗಿನಿಂದಲೇ ಆಧಾರ ತೋರಿಸಲು ಕೇಳುತ್ತೇನೆ. ಹೆಸರಿಗೆ ಒಂದು ಅಂಕ, ಉಳಿದ ನಾಲ್ಕು ಅಂಕ ಆಧಾರಕ್ಕೆ. ನಾನು ಆತ್ಮಕಥೆಯ ತುಣುಕೆಂದು ಕೊಟ್ಟದ್ದನ್ನು ಲಲಿತ ಪ್ರಬಂಧವೆಂದು ಬರೆದು, ಲೇಖಕ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ವಾಕ್ಯಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ ಉತ್ತರಪತ್ರಿಕೆಗೆ ಐದಕ್ಕೆ ಐದು ಅಂಕ ಕೊಟ್ಟಿದ್ದೇನೆ.