ಕ್ಯಾಡ್ ಆರಿಸುವ ಮೊದಲು ಕಟಿಂಗ್ ಅಂಗಡಿಗೆ ಹೋಗಿ ಬನ್ನಿ

ಗಣಪತಿ ಹಬ್ಬ ಹತ್ತಿರ ಬಂದರೆ ಪುಣೆಯ ಕನ್ನಡಿಗರ ಮನೆಗಳಲ್ಲೂ ಮಖರದ, ಅಂದರೆ ಗಣಪತಿ ಕೂರಿಸುವ ಅಲಂಕಾರದ ಮಂಟಪದ ಮಾತು ಶುರು. 2018ರಲ್ಲಿ ಮಹಾರಾಷ್ಟ್ರದಲ್ಲಿ ಥರ್ಮೋಕೋಲ್ ನಿಷೇಧವಾದ ಮೇಲೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಲೇಸರ್‌ನಲ್ಲಿ ಕತ್ತರಿಸಿ ಜೋಡಿಸುವ ಮಖರಗಳು ಮಾರುಕಟ್ಟೆಯಲ್ಲಿ ಜಾಸ್ತಿ ಕಾಣುತ್ತಿವೆ. ಚೆನ್ನಾಗಿಯೇ ಇರುತ್ತವೆ. ಆದರೆ ನಿಮ್ಮ ಮನೆಯ ಕಟ್ಟೆ 34 ಇಂಚು, ಅಂಗಡಿಯ ಮಖರ 36 ಇಂಚು ಎಂದಾದರೆ ಏನು ಮಾಡುತ್ತೀರಿ? ಡ್ರಾಯಿಂಗ್ ನಾವೇ ಮಾಡಿ ಕತ್ತರಿಸಲು ಕೊಟ್ಟರೆ ಆಗಲ್ವಾ?

ಖಂಡಿತ ಆಗುತ್ತದೆ. ಮಖರ ಮಾತ್ರ ಅಲ್ಲ. ಮುರಿದುಹೋದ ವಾಷಿಂಗ್ ಮೆಷಿನ್ ನಾಬ್, ಬಾಲ್ಕನಿಯ ಕುಂಡಗಳಿಗೆ ಸ್ಟ್ಯಾಂಡ್, ಮಗಳ ರೋಬೋಟಿಗೆ ಒಂದು ಡಬ್ಬಿ, ಎಲ್ಲವನ್ನೂ ಮನೆಯ ಕಂಪ್ಯೂಟರಿನಲ್ಲಿ ಬರೆದು ಊರಿನಲ್ಲೇ ಮಾಡಿಸಬಹುದು. ಹೀಗೆ ಅಳತೆಯಿಟ್ಟು ಕಂಪ್ಯೂಟರಿನಲ್ಲಿ ಬರೆಯುವುದಕ್ಕೆ ಕ್ಯಾಡ್ ಎನ್ನುತ್ತಾರೆ. ತೊಡಕಾಗುವುದು "ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?" ಎಂದು ಕೇಳಿದಾಗ. ಪುಣೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವರಿಗೆ ಬರವಿಲ್ಲ. ಚಾಕಣದ ಕಾರ್ಖಾನೆಯಲ್ಲಿರುವ ಅಳಿಯ ಒಂದು ಹೆಸರು ಹೇಳುತ್ತಾನೆ, ಭೋಸರಿಯಲ್ಲಿ ಡೈ (ಅಚ್ಚು) ಮಾಡುವ ಪಕ್ಕದ ಮನೆಯವರು ಇನ್ನೊಂದು ಹೇಳುತ್ತಾರೆ. ಇಬ್ಬರೂ ಹೇಳುವುದು ಕಂಪನಿ ಹಣ ಕೊಟ್ಟು ತಂದ ಸಾಫ್ಟ್‌ವೇರ್. ಅದರ ವರ್ಷದ ಬಾಡಿಗೆಯಲ್ಲಿ ನಿಮ್ಮ ಹವ್ಯಾಸದ ಪೂರ್ತಿ ಖರ್ಚು ಮುಗಿದುಹೋಗುತ್ತದೆ.

ಹಾಗಾಗಿ ಸಾಫ್ಟ್‌ವೇರಿನಿಂದ ಶುರು ಮಾಡಬೇಡಿ. ವಸ್ತುವನ್ನು ಮಾಡಿಕೊಡುವವರಿಂದ ಶುರು ಮಾಡಿ.

ಹೆಜ್ಜೆ 1: ಅಂಗಡಿಯಲ್ಲಿ ಯಾವ ಫೈಲ್ ಕೇಳುತ್ತಾರೆ?

ನೀವು ಯಾವ ಸಾಫ್ಟ್‌ವೇರಿನಲ್ಲಿ ಬರೆದಿರಿ ಎಂಬುದು ಕತ್ತರಿಸುವವರಿಗೆ ಬೇಕಿಲ್ಲ. ಅವರ ಮೆಷಿನ್ ಓದುವ ಫೈಲ್ ಕೊಟ್ಟರೆ ಸಾಕು.

ಲೇಸರ್ ಕಟಿಂಗ್‌ನವರು ಸಾಮಾನ್ಯವಾಗಿ ಡಿಎಕ್ಸ್‌ಎಫ್ ಫೈಲ್ ಕೇಳುತ್ತಾರೆ. ಸೈನ್‌ಬೋರ್ಡ್, ಲಗ್ನಪತ್ರಿಕೆ ಕೆಲಸವನ್ನೂ ಮಾಡುವ ಅಂಗಡಿಗಳಲ್ಲಿ ಕೋರಲ್‌ಡ್ರಾ ಇರುತ್ತದೆ. ಅಲ್ಲಿ ಎಸ್‌ವಿಜಿ ಅಥವಾ ಪಿಡಿಎಫ್ ಕೊಟ್ಟರೂ ನಡೆಯಬಹುದು. 3ಡಿ ಪ್ರಿಂಟ್ ಮಾಡುವವರಿಗೆ ಎಸ್‌ಟಿಎಲ್ ಅಥವಾ 3ಎಂಎಫ್ ಬೇಕು. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಮೆಷಿನ್ ಇಟ್ಟುಕೊಂಡವರಿಗೆ ಸ್ಟೆಪ್ ಫೈಲ್. ಬಡಗಿಗೆ ಇದು ಯಾವುದೂ ಬೇಡ. ಅವರಿಗೆ ದೊಡ್ಡ ಅಕ್ಷರದಲ್ಲಿ ಅಳತೆ ಬರೆದ ಒಂದು ಕಾಗದ ಸಾಕು, ಅದೂ ಫೂಟು, ಇಂಚು, ಸೂತಿನಲ್ಲಿ. ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿಲಿಮೀಟರ್. ಸಾಫ್ಟ್‌ವೇರಿನಲ್ಲಿ ಮಿಲಿಮೀಟರಿನಲ್ಲಿ ಬರೆದರೂ ಬಡಗಿಗೆ ಕೊಡುವ ಹಾಳೆಯಲ್ಲಿ ಅವರ ಲೆಕ್ಕವನ್ನೇ ಬರೆಯಿರಿ. ಇಲ್ಲದಿದ್ದರೆ ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ ತಮಗೆ ಸರಿ ಕಂಡಷ್ಟು ಕತ್ತರಿಸುತ್ತಾರೆ.

ಅಂಗಡಿಗೆ ಹೋದಾಗ ಇನ್ನೆರಡು ಮಾತು ಕೇಳಿ. ಹಲಗೆ ನೀವು ತರಬೇಕೋ, ಅವರಲ್ಲೇ ಇದೆಯೋ? ಕನಿಷ್ಠ ಚಾರ್ಜ್ ಎಷ್ಟು? ಕೈಯಗಲದ ತುಂಡಿಗೂ ಇಡೀ ಹಲಗೆಗೂ ಒಂದೇ ಕನಿಷ್ಠ ಚಾರ್ಜ್ ಹಾಕುವವರಿದ್ದಾರೆ. ಅಂಥಲ್ಲಿ ನಾಲ್ಕಾರು ಸಣ್ಣ ಕೆಲಸ ಸೇರಿಸಿ ಒಂದೇ ಫೈಲಿನಲ್ಲಿ ಕೊಡುವುದು ಲಾಭ.

ಇಷ್ಟು ತಿಳಿದರೆ ಅರ್ಧ ಆಯ್ಕೆ ಮುಗಿದಂತೆ. ಬರೀ ಹಲಗೆ ಕತ್ತರಿಸುವ ಕೆಲಸವಾದರೆ 2ಡಿ ಸಾಫ್ಟ್‌ವೇರ್ ಸಾಕು. 3ಡಿ ಪ್ರಿಂಟ್ ಅಥವಾ ಸಿಎನ್‌ಸಿಯಲ್ಲಿ ಮಾಡಿಸುವ ವಸ್ತುವಾದರೆ ಮಾತ್ರ 3ಡಿ ಬೇಕು.

ಹೆಜ್ಜೆ 2: ಮನೆಯ ಕಂಪ್ಯೂಟರ್ ನೋಡಿಕೊಳ್ಳಿ

ಇದಕ್ಕೆಂದೇ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ಸಣ್ಣ ಕೆಲಸಕ್ಕೆ 8 ಜಿಬಿ ರ್‍ಯಾಮ್ ಸಾಕಾಗುತ್ತದೆ. ಲಿನಕ್ಸ್ ಬಳಸುವವರು ಮುಂದೆ ಹೇಳುವ ಫ್ಯೂಷನ್ ಮತ್ತು ಸಾಲಿಡ್ ಎಡ್ಜ್ ಎರಡನ್ನೂ ಪಟ್ಟಿಯಿಂದ ತೆಗೆದುಬಿಡಿ, ಲಿನಕ್ಸ್‌ಗೆ ಅವು ಬರುವುದಿಲ್ಲ. ಮೌಸ್ ಮಾತ್ರ ಬೇಕೇ ಬೇಕು, ಚಕ್ರ ಇರುವುದು. ಟಚ್‌ಪ್ಯಾಡಿನಲ್ಲಿ ಕ್ಯಾಡ್ ಕಲಿಯಲು ಹೋಗಿ ಬೇಸತ್ತು ಬಿಟ್ಟವರು ಬೇಕಾದಷ್ಟು ಜನ.

ಹೆಜ್ಜೆ 3: 'ಫ್ರೀ' ಅಂದರೆ ಎಂಥ ಫ್ರೀ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೆಲೆ ಸೊನ್ನೆ ಎಂದು ಬರೆದಿದ್ದರೂ ಎಲ್ಲ ಸೊನ್ನೆಯೂ ಒಂದೇ ಅಲ್ಲ.

ಮೊದಲನೆಯದು ಓಪನ್ ಸೋರ್ಸ್. ಫ್ರೀಕ್ಯಾಡ್, ಲಿಬ್ರೆಕ್ಯಾಡ್, ಇಂಕ್‌ಸ್ಕೇಪ್, ಓಪನ್‌ಎಸ್‌ಕ್ಯಾಡ್ ಈ ಗುಂಪಿನವು. ಇಳಿಸಿಕೊಂಡರೆ ನಿಮ್ಮದೇ. ಲಾಗಿನ್ ಇಲ್ಲ, ಗಡುವು ಇಲ್ಲ. ಅದರಲ್ಲಿ ಮಾಡಿದ್ದನ್ನು ಮಾರಿಕೊಂಡರೂ ಯಾರೂ ಕೇಳುವುದಿಲ್ಲ.

ಎರಡನೆಯದು ಕಂಪನಿಗಳು ಹವ್ಯಾಸಿಗಳಿಗೆ ಕೊಡುವ ಉಚಿತ ಲೈಸೆನ್ಸ್. ಆಟೋಡೆಸ್ಕ್‌ನ ಫ್ಯೂಷನ್, ಸೀಮೆನ್ಸ್‌ನ ಸಾಲಿಡ್ ಎಡ್ಜ್ ಕಮ್ಯುನಿಟಿ ಎಡಿಷನ್ ಈ ತರಹದವು. ಒಳ್ಳೆಯ ಸಾಫ್ಟ್‌ವೇರ್‌ಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನಿಮ್ಮ ಮಖರ ನೋಡಿ ಸೊಸೈಟಿಯ ನಾಲ್ಕು ಮನೆಯವರು "ನಮಗೂ ಒಂದು ಮಾಡಿಕೊಡಿ, ದುಡ್ಡು ಕೊಡುತ್ತೇವೆ" ಎಂದರು ಅಂದುಕೊಳ್ಳಿ. ಆಗ ಈ ಲೈಸೆನ್ಸಿನ ಷರತ್ತನ್ನು ಮತ್ತೊಮ್ಮೆ ಓದಬೇಕಾಗುತ್ತದೆ.

ಷರತ್ತು ಬದಲಾಗುವುದೂ ಉಂಟು. 2020ರ ಸೆಪ್ಟೆಂಬರಿನಲ್ಲಿ ಆಟೋಡೆಸ್ಕ್ ಫ್ಯೂಷನ್‌ನ ಉಚಿತ ಲೈಸೆನ್ಸಿಗೆ ಕತ್ತರಿ ಹಾಕಿತು. ಒಮ್ಮೆಗೆ ತಿದ್ದಲು ಸಿಗುವ ಫೈಲ್ 10 ಮಾತ್ರ ಎಂದಿತು. ಸ್ಟೆಪ್ ಫೈಲ್ ಹೊರತೆಗೆಯುವ ಸೌಲಭ್ಯವನ್ನೂ ತೆಗೆಯಲು ಹೊರಟಿತ್ತು. ಬಳಸುವವರು ಗಲಾಟೆ ಮಾಡಿದ ಮೇಲೆ ಅದೊಂದನ್ನು ಉಳಿಸಿತು. ಡ್ರಾಫ್ಟ್‌ಸೈಟ್ ಎಂಬ 2ಡಿ ಸಾಫ್ಟ್‌ವೇರಿನ ಕಥೆ ಇನ್ನೂ ನೇರ. ವರ್ಷಗಟ್ಟಲೆ ಉಚಿತವಾಗಿ ಸಿಗುತ್ತಿತ್ತು, 2019ರಲ್ಲಿ ಉಚಿತ ಆವೃತ್ತಿಯನ್ನೇ ನಿಲ್ಲಿಸಿದರು. ಅದು ಕಂಪನಿಗಳ ಹಕ್ಕು, ತಪ್ಪೆನ್ನಲಾಗದು. ನಮ್ಮ ಫೈಲ್ ಅಲ್ಲಿ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ.

ಮೂರನೆಯದು ಆನ್‌ಶೇಪ್‌ನ ಉಚಿತ ಪ್ಲಾನ್. ಬ್ರೌಸರಿನಲ್ಲೇ ನಡೆಯುತ್ತದೆ, ಹಳೆ ಲ್ಯಾಪ್‌ಟಾಪಿಗೂ ಭಾರವಿಲ್ಲ. ಆದರೆ ನೀವು ಬರೆದದ್ದು ಎಲ್ಲರಿಗೂ ಕಾಣುತ್ತದೆ, ವ್ಯಾಪಾರಕ್ಕೂ ಬಳಸುವಂತಿಲ್ಲ. ನಾಬ್, ಕೊಕ್ಕೆ ಯಾರು ನೋಡಿದರೇನು? ನೀವೇ ಕಂಡುಹಿಡಿದ ಹೊಸ ವಸ್ತುವಾದರೆ ಬೇಡ.

ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಅವರ ಸ್ಟೂಡೆಂಟ್ ಲೈಸೆನ್ಸಿನಲ್ಲಿ ಅಪ್ಪ ಕೆಲಸ ಮಾಡುವ ಪದ್ಧತಿಯೂ ಇದೆ. ಅದು ಓದುವವರಿಗೆ ಮಾತ್ರ. ಓದು ಮುಗಿದರೆ ಲೈಸೆನ್ಸೂ ಮುಗಿಯುತ್ತದೆ. ಇನ್ನು ಪೆನ್‌ಡ್ರೈವಿನಲ್ಲಿ "ಫುಲ್ ವರ್ಷನ್" ತಂದುಕೊಡುವವರ ವಿಷಯ. ಕಳ್ಳಮಾಲು ಎಂಬುದು ಒಂದು ಕಡೆಗಿರಲಿ. ಕ್ರ್ಯಾಕ್ ಮಾಡಿದ ಫೈಲನ್ನು ಓಡಿಸಲು ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ. ನೀವು ಬ್ಯಾಂಕಿನ ಕೆಲಸ ಮಾಡುವುದೂ ಅದೇ ಕಂಪ್ಯೂಟರಿನಲ್ಲಿ ತಾನೇ?

ಹೆಜ್ಜೆ 4: ಒಂದನ್ನು ಆರಿಸಿ, ಒಂದೇ ಒಂದನ್ನು

ನಾಲ್ಕು ಸಾಫ್ಟ್‌ವೇರ್ ಹಾಕಿಕೊಂಡು ನಾಲ್ಕರಲ್ಲೂ ಗೆರೆ ಎಳೆಯುತ್ತಾ ಕೂತರೆ ಯಾವುದೂ ಕೈಗೆ ಹತ್ತುವುದಿಲ್ಲ.

ಎಂದೂ ಕ್ಯಾಡ್ ಮುಟ್ಟದವರು, ಶಾಲೆಯ ಮಕ್ಕಳು: ಟಿಂಕರ್‌ಕ್ಯಾಡ್. ಬ್ರೌಸರಿನಲ್ಲಿ ತೆರೆದು ಡಬ್ಬಿ, ಉರುಳೆಗಳನ್ನು ಕೂಡಿಸಿ ಕಳೆಯುತ್ತಾ ಹೋದರೆ ವಸ್ತು ತಯಾರು. ಸಂಜೆಯೊಳಗೆ ಕೀಚೈನ್ ಮಾಡಬಹುದು. ಕೆಲವು ವಾರಕ್ಕೆ ಇದು ಸಾಲದು ಅನ್ನಿಸುತ್ತದೆ, ಅನ್ನಿಸಬೇಕು ಕೂಡ.

ಹಲಗೆ ಕೆಲಸ ಮಾತ್ರ ಮಾಡುವವರು: ಲಿಬ್ರೆಕ್ಯಾಡ್. ಆಟೋಕ್ಯಾಡಿನ ಹಳೆಯ ಅಭ್ಯಾಸ ಇದ್ದವರಿಗೆ ಬೇಗ ಒಗ್ಗುತ್ತದೆ. ಅದರ ಸ್ವಂತ ಫೈಲೇ ಡಿಎಕ್ಸ್‌ಎಫ್, ಬದಲಾಯಿಸುವ ತಲೆನೋವಿಲ್ಲ. ಆದರೆ ಆಟೋಕ್ಯಾಡಿನ ಸ್ವಂತ ರೂಪವಾದ ಡಿಡಬ್ಲ್ಯೂಜಿ ಫೈಲ್ ತೆರೆಯುವುದರಲ್ಲಿ ಅದು ಪಕ್ಕಾ ಅಲ್ಲ. ಬಿಲ್ಡರ್ ಕೊಟ್ಟ ಫ್ಲ್ಯಾಟಿನ ಪ್ಲಾನ್ ಆ ರೂಪದಲ್ಲಿದ್ದರೆ ಅವರಿಂದಲೇ ಡಿಎಕ್ಸ್‌ಎಫ್ ಕೇಳಿ ಪಡೆಯಿರಿ. ಬಳ್ಳಿ, ನವಿಲು, ಜಾಲರಿಯ ಕುಸುರಿ ಬೇಕೆಂದರೆ ಇಂಕ್‌ಸ್ಕೇಪ್ ಒಳ್ಳೆಯದು. ಅದು ಚಿತ್ರ ಬರೆಯುವ ಸಾಫ್ಟ್‌ವೇರ್, ಆದರೆ ಡಿಎಕ್ಸ್‌ಎಫ್ ಹೊರಗೆ ಕೊಡುತ್ತದೆ.

ಅಳತೆಗೆ ಸರಿಯಾಗಿ ಕೂರುವ 3ಡಿ ಭಾಗ ಬೇಕಾದವರು: ನನ್ನ ಮತ ಫ್ರೀಕ್ಯಾಡ್‌ಗೆ. ಸುಲಭ ಅಂತ ಅಲ್ಲ. ಮೊದಲ ವಾರ ಅದು ಸಿಟ್ಟು ತರಿಸುತ್ತದೆ. ಗುಂಡಿಗಳು ಜಾಸ್ತಿ, ಕೆಲಸಕ್ಕೊಂದು ಬೇರೆ ಗುಂಡಿಗಳ ಗುಂಪು, ಅಂದರೆ ವರ್ಕ್‌ಬೆಂಚ್, ಯಾವುದು ಎಲ್ಲಿದೆ ಎಂದು ಹುಡುಕಬೇಕು. ಫ್ಯೂಷನ್ ಕಲಿಯುವುದು ಇದಕ್ಕಿಂತ ಸಲೀಸು. ಆದರೂ 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಫ್ರೀಕ್ಯಾಡ್ ಬಹಳ ಸುಧಾರಿಸಿದೆ. ಮೊದಲೆಲ್ಲ ಹಿಂದಿನ ಒಂದು ಅಳತೆ ತಿದ್ದಿದರೆ ಮುಂದಿನ ತೂತು, ಅಂಚುಗಳೆಲ್ಲ ದಿಕ್ಕಾಪಾಲಾಗುತ್ತಿದ್ದವು. ಆ ಕಾಟ ಈಗ ತುಂಬಾ ಕಡಿಮೆ. ಹಳೆಯ ವಿಡಿಯೊ ನೋಡಿ ಇದನ್ನು ತಳ್ಳಿಹಾಕಿದವರು ಇನ್ನೊಮ್ಮೆ ನೋಡಬಹುದು.

ಹಿಂಜವಡಿಯ ಐಟಿ ಮಂದಿಗೆ ಒಂದು ಪಕ್ಕದ ದಾರಿ: ಓಪನ್‌ಎಸ್‌ಕ್ಯಾಡ್. ಇಲ್ಲಿ ಮೌಸಿನಿಂದ ಎಳೆಯುವುದಿಲ್ಲ, ಕೋಡ್ ಬರೆಯುತ್ತೀರಿ, ವಸ್ತು ಕಾಣಿಸಿಕೊಳ್ಳುತ್ತದೆ. ಉಳಿದವರು ಅದರ ಹತ್ತಿರ ಹೋಗುವುದು ಬೇಡ. ಮನೆಯ ಸಾಮಾನು ಎಲ್ಲಿಡಬೇಕು ಎಂದಷ್ಟೇ ನೋಡುವವರಿಗೆ ಸ್ವೀಟ್ ಹೋಮ್ 3ಡಿ ಸಾಕು. ಬ್ಲೆಂಡರ್ ಅದ್ಭುತ, ಆದರೆ ಮೂರ್ತಿ, ಗೊಂಬೆ, ಅನಿಮೇಷನ್‌ಗೆ. ನಾಬ್ ಬರೆಯಲು ಅಲ್ಲ.

ಹೆಜ್ಜೆ 5: ಪರೀಕ್ಷೆಗೆ ಒಂದು ಸಣ್ಣ ತುಂಡು

ಆರಿಸಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಇಡೀ ಮಖರ ಬರೆಯಬೇಡಿ. ಅಂಗೈಯಷ್ಟು ತುಂಡು ಬರೆಯಿರಿ. ಅದರ ಅಂಚಿನಲ್ಲಿ ಇನ್ನೊಂದು ಹಲಗೆ ತೂರಿಸುವ ಐದು ಸೀಳುಗಳು. ಅಗಲ 2.6, 2.7, 2.8, 2.9, 3.0 ಮಿಲಿಮೀಟರ್.

ಯಾಕೆ ಇಷ್ಟು ಬಗೆ? 3 ಮಿಲಿಮೀಟರ್ ಎಂದು ಮಾರುವ ಹಲಗೆ ನಿಜಕ್ಕೂ ಅಷ್ಟೇ ದಪ್ಪ ಇರಬೇಕೆಂದಿಲ್ಲ. ವರ್ನಿಯರ್ ಹಿಡಿದು ನಾಲ್ಕು ಮೂಲೆಯಲ್ಲೂ ಅಳೆದು ನೋಡಿ. ಜೊತೆಗೆ ಲೇಸರ್ ಕೂಡ ಗರಗಸದ ಹಾಗೆ ಸ್ವಲ್ಪ ಮರ ತಿನ್ನುತ್ತದೆ. ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರಿನಷ್ಟು. ಹಾಗಾಗಿ ನೀವು 3.0 ಬರೆದರೆ ಸೀಳು ಅದಕ್ಕಿಂತ ಅಗಲವಾಗಿ ಬಂದು ಹಲಗೆ ಅಲ್ಲಾಡುತ್ತದೆ. ಕತ್ತರಿಸಿ ತಂದ ತುಂಡಿನಲ್ಲಿ ಯಾವ ಸೀಳು ಬಿಗಿಯಾಗಿ ಹಿಡಿಯುತ್ತದೋ ಅದೇ ನಿಮ್ಮ ಅಳತೆ. ಆ ಹಲಗೆ, ಆ ಅಂಗಡಿಗೆ ಮಾತ್ರ. ಅಂಗಡಿ ಬದಲಾದರೆ ಮತ್ತೆ ತುಂಡು ಕತ್ತರಿಸಿ. 3ಡಿ ಪ್ರಿಂಟಿನಲ್ಲಿ ಇದರ ಉಲ್ಟಾ: ಒಂದರೊಳಗೊಂದು ಕೂರುವ ಭಾಗಗಳ ನಡುವೆ 0.2ರಿಂದ 0.3 ಮಿಲಿಮೀಟರ್ ಜಾಗ ಬಿಡಬೇಕು. ಇಂಥ ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ ಎಂಬುದೂ ನೆನಪಿರಲಿ. ಒಲೆಯ ಪಕ್ಕ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು ನಿಲ್ಲುವುದಿಲ್ಲ.

ಈ ತುಂಡಿನಿಂದಲೇ ಸಾಫ್ಟ್‌ವೇರಿನ ಯೋಗ್ಯತೆಯೂ ಗೊತ್ತಾಗುತ್ತದೆ. ಹಲಗೆಯ ದಪ್ಪ ಬದಲಾದರೆ ಮಖರದ ನಲವತ್ತು ಸೀಳನ್ನೂ ಒಂದೊಂದಾಗಿ ತಿದ್ದಬೇಕೆ, ಅಥವಾ ಒಂದು ಕಡೆ ತಿದ್ದಿದರೆ ಎಲ್ಲವೂ ಬದಲಾಗುತ್ತವೆಯೇ? ಎರಡನೆಯದಕ್ಕೆ ಪ್ಯಾರಾಮೆಟ್ರಿಕ್ ಎನ್ನುತ್ತಾರೆ. ಫ್ರೀಕ್ಯಾಡ್, ಫ್ಯೂಷನ್, ಆನ್‌ಶೇಪ್ ಮೂರರಲ್ಲೂ ಇದು ಇದೆ. ಲಿಬ್ರೆಕ್ಯಾಡ್‌ನಲ್ಲಿ ಇಲ್ಲ. ಫ್ರೀಕ್ಯಾಡ್‌ನೊಳಗೇ ಎಕ್ಸೆಲ್ ತರಹದ ಹಾಳೆ ಇದ್ದು, ದಪ್ಪವನ್ನು ಅಲ್ಲಿ ಬರೆದಿಟ್ಟರೆ ಡ್ರಾಯಿಂಗ್ ಅದನ್ನೇ ಅನುಸರಿಸುತ್ತದೆ. ಸ್ಕೆಚ್ ಬರೆಯುವಾಗ ಎಲ್ಲ ಅಳತೆ ಕೊಟ್ಟು ಮುಗಿದರೆ ಗೆರೆಗಳು ಹಸಿರಾಗುತ್ತವೆ. ಹಸಿರಾಗದೆ ಮುಂದೆ ಹೋಗಬೇಡಿ, ಮುಂದೆ ಎಲ್ಲೋ ಒಂದು ಗೆರೆ ಜಾರುತ್ತದೆ.

ತುಂಡಿನ ಮೂಲೆಯಲ್ಲಿ 50 ಮಿಲಿಮೀಟರಿನ ಒಂದು ಗೆರೆಯನ್ನೂ ಎಳೆಯಿರಿ. ಎಸ್‌ಟಿಎಲ್ ಫೈಲಿನಲ್ಲಿ ಯೂನಿಟ್ ಬರೆದಿರುವುದೇ ಇಲ್ಲ, ಡಿಎಕ್ಸ್‌ಎಫ್‌ನದ್ದನ್ನೂ ನಂಬುವಂತಿಲ್ಲ. ನಿಮ್ಮ ಮಿಲಿಮೀಟರನ್ನು ಅಂಗಡಿಯ ಕಂಪ್ಯೂಟರ್ ಇಂಚು ಎಂದು ಓದಿದರೆ ಎಲ್ಲವೂ 25.4 ಪಟ್ಟು ದೊಡ್ಡದು. ಕತ್ತರಿಸುವ ಮೊದಲು ಅವರ ಸ್ಕ್ರೀನಿನಲ್ಲಿ ಆ ಗೆರೆ 50 ಎಂದು ತೋರಿಸುತ್ತದೆಯೇ ನೋಡಿ.

ಹೆಜ್ಜೆ 6: ಕಲಿಯುವುದು, ಹಣ ಕೊಡುವುದು

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಉಚಿತ ಸಾಫ್ಟ್‌ವೇರ್‌ಗಳ ಪಾಠಗಳಿವೆ, ಕನ್ನಡದಲ್ಲಿ ಧ್ವನಿ ಕೊಟ್ಟವೂ ಇವೆ. ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮದಲ್ಲಿ 2002ರಿಂದ ಫ್ಯಾಬ್ ಲ್ಯಾಬ್, ಅಂದರೆ ಕಂಪ್ಯೂಟರಿನಿಂದ ನಡೆಯುವ ಮೆಷಿನ್‌ಗಳ ಕಾರ್ಯಾಗಾರ ಇದೆ. ಎಂಐಟಿ ಜೊತೆಗೂಡಿ ಶುರುವಾದದ್ದು, ಕೋಥ್ರೂಡಿನ ಎಂಐಟಿ ಅಲ್ಲ, ಅಮೆರಿಕದ್ದು. ಹಳ್ಳಿಯ ಹುಡುಗರು ಇಂಥ ಮೆಷಿನ್‌ಗಳಲ್ಲಿ ಕೆಲಸ ಕಲಿತ ಜಾಗ. ವಿಚಾರಿಸಿಕೊಂಡು ಒಮ್ಮೆ ಹೋಗಿಬರಬಹುದು.

ಹಣ ಕೊಡುವ ಯೋಚನೆಯನ್ನು ಆರು ತಿಂಗಳ ಮಟ್ಟಿಗೆ ಮುಂದೂಡಿ. ಅಷ್ಟರಲ್ಲಿ ಉಚಿತದ್ದು ಎಲ್ಲಿ ಅಡ್ಡ ಬರುತ್ತದೆ ಎಂದು ನಿಮಗೇ ಗೊತ್ತಾಗಿರುತ್ತದೆ. 2ಡಿಯಲ್ಲಿ ಡಿಡಬ್ಲ್ಯೂಜಿ ಬೇಕೇ ಬೇಕು ಎಂದಾದರೆ ಕ್ಯೂಕ್ಯಾಡ್ ಪ್ರೊಫೆಷನಲ್ ಹವ್ಯಾಸಿಯ ಜೇಬಿಗೆ ಒಗ್ಗುವಂಥದ್ದು. ಸಾಲಿಡ್‌ವರ್ಕ್ಸ್‌ನವರೂ ಹವ್ಯಾಸಿಗಳಿಗಾಗಿ 'ಮೇಕರ್ಸ್' ಎಂಬ ಅಗ್ಗದ ಆವೃತ್ತಿ ಇಟ್ಟಿದ್ದಾರೆ. ಡಾಲರಿನಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಕೊಂಡ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ.

ಯಾವುದನ್ನೇ ಆರಿಸಿದರೂ ಒಂದು ಕೆಲಸ ಮುಗಿದಾಗ ಮೂರು ಫೈಲ್ ಉಳಿಸಿ: ಸಾಫ್ಟ್‌ವೇರಿನ ಸ್ವಂತ ಫೈಲ್, 3ಡಿಗೆ ಸ್ಟೆಪ್ ಅಥವಾ 2ಡಿಗೆ ಡಿಎಕ್ಸ್‌ಎಫ್, ಮತ್ತು ಅಳತೆ ಬರೆದ ಪಿಡಿಎಫ್. ಫೈಲಿನ ಹೆಸರಿನಲ್ಲೇ ಹಲಗೆಯ ದಪ್ಪ, ಯೂನಿಟ್ ಸೇರಿಸಿ. ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಸ್ಕ್ರೀನಿನ ಫೋಟೊ ಕಳಿಸಬೇಡಿ. ಡಾಕ್ಯುಮೆಂಟ್ ಆಗಿ ಫೈಲನ್ನೇ ಕಳಿಸಿ, ಜೊತೆಗೆ ಪಿಡಿಎಫ್ ಕೂಡ. ಡಿಎಕ್ಸ್‌ಎಫ್ ತೆರೆದಾಗ ಒಂದು ಗೆರೆ ಕಾಣೆಯಾಗಿದ್ದರೆ ಅವರು ಹೋಲಿಸಿ ನೋಡುವುದು ಅದನ್ನೇ.