ಅಜ್ಜ ಯಾವ ಕಂಪನಿಯಲ್ಲಿದ್ದರು? ಮದ್ರಾಸ್ ಸ್ಯಾಪರ್ಸ್ ಸೈನಿಕರ ಯುದ್ಧಕಾಲದ ಸೇವೆಯನ್ನು ಹುಡುಕುವ ಕ್ರಮ

ಅನೇಕ ಮನೆಗಳಲ್ಲಿ ಎರಡನೇ ಮಹಾಯುದ್ಧದ ನೆನಪಾಗಿ ಉಳಿದಿರುವುದು ಟ್ರಂಕಿನ ತಳದಲ್ಲಿರುವ ಮೂರು ನಾಲ್ಕು ಪದಕಗಳು ಮತ್ತು ‘ತಾತ ಸ್ಯಾಪರ್ ಆಗಿದ್ದರಂತೆ, ಬರ್ಮಾಕ್ಕೆ ಹೋಗಿದ್ದರಂತೆ’ ಎಂಬ ಒಂದು ಮಾತು ಮಾತ್ರ (ಸ್ಯಾಪರ್ ಎಂದರೆ ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಎಂಜಿನಿಯರ್ ಪಡೆಯ ಸೈನಿಕ). ಆ ಮಾತಿನಿಂದ ಹೊರಟು ಅವರು ಎಲ್ಲಿದ್ದರು, ಏನು ಮಾಡಿದರು ಎಂಬುದನ್ನು ತಿಳಿಯಲು ಸಾಧ್ಯವಿದೆ. ಆದರೆ ರೆಜಿಮೆಂಟಿನ ಹೆಸರೊಂದನ್ನೇ ಹಿಡಿದು ಹೊರಟವರಿಗೆ ದಾರಿ ಸಿಗುವುದಿಲ್ಲ. ಇಂದು ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂದು ಕರೆಯುವ, ಬೆಂಗಳೂರಿನ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಈ ಪಡೆಗೆ ಯುದ್ಧಕಾಲದಲ್ಲಿ ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಎಂಬ ಹೆಸರಿತ್ತು. ಅದು ಎಂದೂ ಒಟ್ಟಾಗಿ ಯುದ್ಧಕ್ಕೆ ಹೋಗಲಿಲ್ಲ. ಬೆಂಗಳೂರಿನಲ್ಲಿ ತರಬೇತಿ ಪಡೆದವರು ಕಂಪನಿ ಎಂಬ ಸಣ್ಣ ತುಕಡಿಗಳಾಗಿ ಚದುರಿ, ದೊಡ್ಡ ಸೇನಾವಿಭಾಗಗಳಾದ ಬೇರೆ ಬೇರೆ ಡಿವಿಷನ್‌ಗಳ ಜೊತೆ ಬೇರೆ ಬೇರೆ ದೇಶಗಳಲ್ಲಿ ಕೆಲಸ ಮಾಡಿದರು. ಉದಾಹರಣೆಗೆ, 4ನೇ ಭಾರತೀಯ ಡಿವಿಷನ್ನಿನಲ್ಲಿ ಮದ್ರಾಸಿನ 12ನೇ ಫೀಲ್ಡ್ ಕಂಪನಿ ಮತ್ತು 11ನೇ ಫೀಲ್ಡ್ ಪಾರ್ಕ್ ಕಂಪನಿಗಳ ಪಕ್ಕದಲ್ಲೇ ಬಂಗಾಳ ಸ್ಯಾಪರ್ಸ್ ಪಡೆಯ 4ನೇ ಕಂಪನಿಯೂ ಬಾಂಬೆ ಸ್ಯಾಪರ್ಸ್ ಪಡೆಯ 21ನೇ ಕಂಪನಿಯೂ ಇದ್ದವು. ಆದ್ದರಿಂದ ಮೊದಲು ಹುಡುಕಬೇಕಾದದ್ದು ಎರಡು ಅಂಕಿಗಳನ್ನು: ಸೈನಿಕನ ನಂಬರು ಮತ್ತು ಕಂಪನಿಯ ನಂಬರು.

ಹುಡುಕಾಟ ಮನೆಯಿಂದಲೇ ಶುರುವಾಗಲಿ. ಡಿಸ್ಚಾರ್ಜ್ ಸರ್ಟಿಫಿಕೇಟು, ಪಿಂಚಣಿ ಆದೇಶದ ಪ್ರತಿ, ಹಳೆಯ ಮನಿಯಾರ್ಡರ್ ರಸೀದಿ, ಯುದ್ಧಭೂಮಿಯಿಂದ ಬಂದ ಕಾಗದದ ಮೇಲಿನ ವಿಳಾಸ, ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಸೈನಿಕನ ನಂಬರು ಇರುವ ಸಾಧ್ಯತೆ ಹೆಚ್ಚು. ಪದಕಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ; ನಂಬರು, ಹೆಸರು, ಪಡೆಯ ಸಂಕ್ಷೇಪ ಕೆತ್ತಿರಬಹುದು. ಹೊಳಪು ಬರಲೆಂದು ಹುಣಸೆಹಣ್ಣು ಹಾಕಿ ಉಜ್ಜುವ ಉತ್ಸಾಹವನ್ನು ದಯವಿಟ್ಟು ತಡೆದುಕೊಳ್ಳಿ, ಅದರಲ್ಲಿ ಅಕ್ಷರಗಳು ಸವೆಯುತ್ತವೆ.

ಪದಕದ ಹೆಸರೇ ಭೂಗೋಳವನ್ನು ಒಂದಿಷ್ಟು ಹೇಳುತ್ತದೆ. ಆಫ್ರಿಕಾ ಸ್ಟಾರ್ 1940ರ ಜೂನ್ 10ರಿಂದ 1943ರ ಮೇ 12ರವರೆಗಿನ ಸೇವೆಗೆ ಸಂದದ್ದು, ಇಟಲಿ ಸ್ಟಾರ್ 1943ರ ಜೂನ್ 11ರಿಂದ 1945ರ ಮೇ 8ರವರೆಗಿನದಕ್ಕೆ. ಇವೆರಡೂ ಒಟ್ಟಿಗಿದ್ದರೆ 4ನೇ ಡಿವಿಷನ್ನಿನಂತಹ, ಮರುಭೂಮಿಯಿಂದ ಇಟಲಿಗೆ ದಾಟಿದ ಪಡೆಯನ್ನು ಊಹಿಸಬಹುದು. ಬರ್ಮಾ ಸ್ಟಾರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ನಿಗದಿತ ಅವಧಿಗಳಲ್ಲಿ ಬಂಗಾಳ ಮತ್ತು ಅಸ್ಸಾಮಿನಲ್ಲಿ ಸೇವೆ ಸಲ್ಲಿಸಿದವರಿಗೂ ಅದು ದೊರೆತಿದೆ, ಹಾಗಾಗಿ ಬರ್ಮಾದ ನೆಲವನ್ನೇ ತುಳಿಯದವರ ಎದೆಯ ಮೇಲೂ ಅದು ಇರಬಹುದು. ಇಂಡಿಯಾ ಸರ್ವಿಸ್ ಮೆಡಲ್ ದೇಶದೊಳಗಿನ ಮೂರು ವರ್ಷಗಳ ಸೇವೆಯನ್ನು ಸೂಚಿಸುತ್ತದೆ. ವಾರ್ ಮೆಡಲ್ ರಿಬ್ಬನ್ನಿನ ಮೇಲೆ ಕಂಚಿನ ಓಕ್ ಎಲೆಯಿದ್ದರೆ ಆ ಸೈನಿಕನ ಹೆಸರು ಸೇನಾಧಿಕಾರಿಯ ಅಧಿಕೃತ ಯುದ್ಧ ವರದಿಯಲ್ಲಿ (ಮೆನ್ಷನ್ಡ್ ಇನ್ ಡಿಸ್ಪ್ಯಾಚಸ್) ಉಲ್ಲೇಖಗೊಂಡಿದೆ ಎಂದರ್ಥ. ಅಂಥ ಹೆಸರುಗಳನ್ನು ಬ್ರಿಟಿಷ್ ಸರ್ಕಾರದ ರಾಜಪತ್ರವಾದ ಲಂಡನ್ ಗೆಜೆಟಿನ ಹಳೆಯ ಸಂಚಿಕೆಗಳಲ್ಲಿ ಹುಡುಕಬಹುದು.

ಭಾವಚಿತ್ರವಿದ್ದರೆ ಮುಖಕ್ಕಿಂತ ತೋಳನ್ನು ನೋಡಿ. ಕೆಂಪು ಹದ್ದು 4ನೇ ಡಿವಿಷನ್ನಿನ ಗುರುತು, ಕಪ್ಪು ಬೆಕ್ಕು 17ನೆಯದರದು, ಕಾದಾಡುವ ಹುಂಜ 23ನೆಯದರದು, ಕಠಾರಿ 19ನೆಯದರದು. ಡಿವಿಷನ್ ತಿಳಿದರೆ ಅದರೊಳಗಿನ ನಾಲ್ಕೈದು ಎಂಜಿನಿಯರ್ ಕಂಪನಿಗಳಷ್ಟಕ್ಕೆ ಹುಡುಕಾಟ ಕುಗ್ಗುತ್ತದೆ.

ಮುಂದಿನ ಹೆಜ್ಜೆ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆಯುವುದು. ಕೇಳಬೇಕಾದದ್ದು ‘ಸೇವೆಯ ವಿವರ’ ಎಂದಲ್ಲ. ಶೀಟ್ ರೋಲ್ ಮತ್ತು ಕಿಂಡ್ರೆಡ್ ರೋಲ್ ಎಂದು ಹೆಸರಿಸಿ ಕೇಳಿ. ಮೊದಲನೆಯದು ಸೇರ್ಪಡೆ, ಬಡ್ತಿ, ವರ್ಗಾವಣೆ, ಬಿಡುಗಡೆಗಳ ದಾಖಲೆ. ಎರಡನೆಯದು ಕುಟುಂಬದವರ ಪಟ್ಟಿ. ನಂಬರು, ಹುದ್ದೆ, ತಂದೆಯ ಹೆಸರು, ಊರು, ಅಂದಿನ ತಾಲ್ಲೂಕು ಮತ್ತು ಜಿಲ್ಲೆ ಇವುಗಳನ್ನು ಬರೆದು, ನಿಮ್ಮ ಸಂಬಂಧವನ್ನು ತೋರಿಸುವ ದಾಖಲೆಯ ಪ್ರತಿಯನ್ನು ಲಗತ್ತಿಸಿ. ರಾಮನಗರದ ಕಡೆಯವರ ದಾಖಲೆಯಲ್ಲಿ ಊರಿನ ಮುಂದೆ ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆ ಎಂದಿರಬಹುದು ಎಂಬುದನ್ನೂ, ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬಾರದಿದ್ದರೆ ಮುನಿಯಪ್ಪ ಎಂಬ ಒಂದೇ ಹೆಸರು ಇಂಗ್ಲಿಷಿನಲ್ಲಿ ನಾಲ್ಕು ರೂಪ ತಾಳಿರಬಹುದು ಎಂಬುದನ್ನೂ ಮರೆಯಬೇಡಿ. ಸಾಧ್ಯವಿರುವ ಕಾಗುಣಿತಗಳನ್ನೆಲ್ಲ ಪತ್ರದಲ್ಲೇ ಕೊಡಿ. ನಂಬರೇ ಇಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯನ್ನು ವಿಚಾರಿಸಿ, ಏಕೆಂದರೆ ಅಜ್ಜನಾಗಲಿ ಅಜ್ಜಿಯಾಗಲಿ ಎಂದಾದರೂ ನೆರವು ಪಡೆದಿದ್ದರೆ ಅಲ್ಲೊಂದು ಕಡತ ಇರಬಹುದು.

ಯುದ್ಧದಲ್ಲಿ ಮಡಿದವರ ಹುಡುಕಾಟ ಇದಕ್ಕಿಂತ ಸುಲಭ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು, ನಂಬರು, ಮರಣದ ದಿನ, ಎಷ್ಟೋ ಸಲ ತಂದೆಯ ಹೆಸರು ಮತ್ತು ಊರು ಸಹ ಸಿಗುತ್ತವೆ. ಸಮಾಧಿಯಿಲ್ಲದವರ ಹೆಸರುಗಳು ಸ್ಮಾರಕಗಳ ಮೇಲಿವೆ. ರಂಗೂನ್ ಸ್ಮಾರಕವೊಂದರಲ್ಲೇ ಸುಮಾರು 27,000 ಹೆಸರುಗಳಿವೆ. 1944ರ ಫೆಬ್ರವರಿಯಲ್ಲಿ ಇಟಲಿಯ ಮಿನ್ಯಾನೋ ಬಳಿ ಸ್ಫೋಟಗೊಳ್ಳಲಿದ್ದ ನೆಲಬಾಂಬಿನ ಮೇಲೆ ಬಿದ್ದು ಜೊತೆಗಾರರನ್ನು ಉಳಿಸಿ, ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪಡೆದ ಸುಬೇದಾರ್ ಸುಬ್ರಮಣಿಯನ್ ಮೇಲೆ ಹೇಳಿದ ಅದೇ 11ನೇ ಫೀಲ್ಡ್ ಪಾರ್ಕ್ ಕಂಪನಿಯವರು.

ಕಂಪನಿಯ ನಂಬರು ಕೈಗೆ ಬಂದ ಮೇಲೆ ಯುದ್ಧ ದಿನಚರಿಗಳ, ಎಂದರೆ ಕಂಪನಿಗಳು ದಿನದಿನದ ಕೆಲಸವನ್ನು ಬರೆದಿಡುತ್ತಿದ್ದ ದಾಖಲೆಗಳ, ಬಾಗಿಲು ತೆರೆಯುತ್ತದೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ ಮಧ್ಯಪ್ರಾಚ್ಯದ ದಿನಚರಿಗಳು ಡಬ್ಲ್ಯುಓ (ವಾರ್ ಆಫೀಸ್, ಅಂದಿನ ಬ್ರಿಟಿಷ್ ಯುದ್ಧ ಇಲಾಖೆ) 169, ಇಟಲಿಯವು ಡಬ್ಲ್ಯುಓ 170, ಬರ್ಮಾದವು ಡಬ್ಲ್ಯುಓ 172 ಎಂಬ ಸರಣಿಗಳಲ್ಲಿವೆ. ಶೌರ್ಯ ಪ್ರಶಸ್ತಿಗಳ ಶಿಫಾರಸುಗಳು ಡಬ್ಲ್ಯುಓ 373ರಲ್ಲಿವೆ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ‘ಅಭಿಲೇಖ್ ಪಟಲ್’ ತಾಣವನ್ನೂ ನೋಡಿ. ದಿನಚರಿಯಲ್ಲಿ ಸಾಮಾನ್ಯ ಸ್ಯಾಪರ್‌ನ ಹೆಸರು ಕಾಣುವುದು ಅಪರೂಪ, ಬಹುತೇಕ ಗಾಯಗೊಂಡಾಗ ಇಲ್ಲವೇ ಸತ್ತಾಗ ಮಾತ್ರ. ಆದರೆ ಯಾವ ದಿನ ಯಾವ ನದಿಗೆ ಎಷ್ಟು ಅಡಿ ಸೇತುವೆ ಹಾಕಿದರು, ಎಲ್ಲಿ ನೆಲಬಾಂಬು ತೆಗೆದರು ಎಂಬುದು ಅಲ್ಲಿರುತ್ತದೆ. ‘ತಾತ ಬರ್ಮಾದಲ್ಲಿ ದೊಡ್ಡ ಸೇತುವೆ ಕಟ್ಟಿದರು’ ಎಂಬ ಮಾತನ್ನು ಕೇಳಿದೊಡನೆ 1944ರ ಡಿಸೆಂಬರಿನಲ್ಲಿ ಕಲೇವಾದ ಬಳಿ ಚಿಂದ್ವಿನ್ ನದಿಗೆ ಹಾಕಿದ 1,154 ಅಡಿಯ, ಉಕ್ಕಿನ ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಬೇಯ್ಲಿ ಸೇತುವೆಯನ್ನು ಅವರ ಹೆಸರಿಗೆ ಬರೆಯುವ ಆಸೆ ಸಹಜ. ಅದನ್ನು ಶೀಟ್ ರೋಲಿನ ತಾರೀಖುಗಳ ಜೊತೆ ಹೋಲಿಸಿ ನೋಡಿದ ಮೇಲೆಯೇ ಬರೆಯಿರಿ. ಕಂಪನಿಯ ದಿನಚರಿಯಲ್ಲಿ ಕೆಲವು ತಿಂಗಳು ಕಾಣೆಯಾಗಿದ್ದರೆ, ಆ ಡಿವಿಷನ್ನಿನ ಎಂಜಿನಿಯರ್ ಮುಖ್ಯಾಧಿಕಾರಿಯ ಕಚೇರಿ ಬೇರೆಯಾಗಿಯೇ ಇಡುತ್ತಿದ್ದ ದಿನಚರಿಯನ್ನು ತೆಗೆಸಿ ನೋಡಬೇಕು, ಕಂಪನಿಗಳಿಗೆ ಹಂಚಿದ ಕೆಲಸದ ಲೆಕ್ಕ ಅದರಲ್ಲಿ ಸಿಗುತ್ತದೆ.